ಲಿಂಬೆ ಚೀಲಕ್ಕೆ ಕೆಂಪು ದಾರ

“ಒಂದೂ ತೊಯ್ದಿಲ್ಲಬೇ ತಿಪ್ಪಕ್ಕಾ! ನೂರಾ ನಲವತ್ತು ಚೀಲ ಇಳಿಸೀನಿ, ಒಂದರ ತಳಾನೂ ತೊಯ್ದಿಲ್ಲ! ನಂಬಿಕಿ ಇಲ್ಲಂದ್ರ ನನ್ನ ಬೆನ್ನ ಮುಟ್ಟಿ ನೋಡು!”

“ನಿನ್ನ ಬೆನ್ನ ತಗೊಂಡು ನಾ ಏನ್ ಮಾಡ್ಲೋ ಮಾಂತು? ಚೀಲ ತಾ ಇಲ್ಲೆ.”

ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ಮುಂಜಾನೆ ಐದೂವರೆ. ಹಮಾಲ ಮಾಂತು ಒಂದು ಲಿಂಬೆ ಚೀಲವನ್ನು ತಿಪ್ಪವ್ವನ ಮುಂದೆ ಇಳಿಸುತ್ತಾನೆ. ಆಕೆ ಚೀಲದ ಬಾಯಿ ಬಿಚ್ಚುವುದಿಲ್ಲ, ಕಾಯಿ ನೋಡುವುದಿಲ್ಲ. ಚೀಲದ ಅಡಿಗೆ ಅಂಗೈ ತೂರಿಸಿ, ಹೊರಗೆ ತೆಗೆದು ಮೂಸಿ ನೋಡುತ್ತಾಳೆ. ಇನ್ನೊಂದು ಚೀಲ, ಮತ್ತೊಂದು. ಎಲ್ಲಾ ಒಣ, ಬರೀ ಲಿಂಬೆಯ ವಾಸನೆ. ನಾಲ್ಕು ಗಂಟೆಗೆ ತರಿಸಿಟ್ಟು ಮುಟ್ಟದೇ ಬಿಟ್ಟಿದ್ದ ಚಹಾವನ್ನು ಈಗ ಒಂದೇ ಗುಟುಕಿಗೆ ಕುಡಿದು, “ತಣ್ಣಗಾದ್ರೂ ಇವತ್ತಿನ ಚಹಾ ಭಾಳ ಚಲೋ ಅದ” ಅನ್ನುತ್ತಾಳೆ.

ಮಾಂತುವಿನ ಬೆನ್ನಿಗೂ ಲಿಂಬೆಗೂ ಹಳೆಯ ಜಗಳ. ಒಳಗೆ ಕಾಯಿ ಕೊಳೆತಿದ್ದರೆ ಹುಳಿನೀರು ಚೀಲದ ತಳದಿಂದ ಜಿನುಗಿ ಹಮಾಲರ ಬೆನ್ನಿಗೆ ಇಳಿಯುತ್ತದೆ. ಹೊತ್ತು ಹೊತ್ತು ತರಚಿದ ಚರ್ಮಕ್ಕೆ ತಾಗಿದರೆ ದಿನವಿಡೀ ಉರಿ. ಮಳೆ ಬಿದ್ದ ವಾರ ಲಿಂಬೆ ಗಾಡಿ ಬಂತೆಂದರೆ ಹಮಾಲರು ಮುಖ ಸಿಂಡರಿಸುತ್ತಾರೆ. ಇವತ್ತು ಮಾತ್ರ ಮಾಂತು ಒಣ ಅಂಗಿ ತೋರಿಸಿಕೊಂಡು ಇಡೀ ಸಾಲು ತಿರುಗಾಡುತ್ತಿದ್ದಾನೆ!

ತಿಪ್ಪವ್ವ ಈ ಸಾಲಿನಲ್ಲಿ ರೈತರ ಮಾಲು ಕಮಿಷನ್‌ಗೆ ಮಾರಿಕೊಡುವ ಒಂದು ಅಡತಿ ಅಂಗಡಿಯ ಮೆಟ್ಟಿಲ ಕೆಳಗೆ ಕೂತು ಹರಿದ ಗೋಣಿಚೀಲ ಹೊಲಿಯುವಾಕೆ. ವಯಸ್ಸು ಐವತ್ತೆಂಟು. ಮರಾಠಿ ವ್ಯಾಪಾರಿಗಳಿಗೆ ‘ಮಾವಶಿ’, ಅಂದರೆ ಚಿಕ್ಕಮ್ಮ; ಕನ್ನಡದವರಿಗೆ ‘ತಿಪ್ಪಕ್ಕ’. ಕೈಯಲ್ಲಿ ಗೇಣುದ್ದದ ದಬ್ಬಣ, ಮಗ್ಗುಲಲ್ಲಿ ಸುತಳಿ ಉಂಡೆ, ತಲೆಯ ಮೇಲೆ ಸೆಣಬಿನ ಧೂಳು. ದಿನಕ್ಕೆ ನೂರಾ ಇಪ್ಪತ್ತು ಚೀಲ, ಹಂಗಾಮಿನಲ್ಲಿ ನೂರೈವತ್ತು. ಹದಿನೇಳು ವರ್ಷದಿಂದ ಅದೇ ಮೆಟ್ಟಿಲು.

ಹುಟ್ಟಿದ್ದು ಯಾದಗಿರಿ ಕಡೆ, ಜೋಳ-ಹತ್ತಿಯ ಸೀಮೆಯಲ್ಲಿ. ಗಂಡನ ಜೊತೆ ಪುಣೆಗೆ ಬಂದು ಒಂಬತ್ತು ವರ್ಷ ಕಟ್ಟಡದ ಕೆಲಸ ಮಾಡಿದಳು. ನಿಗಡಿಯಲ್ಲಿ ಒಂದು ಕಟ್ಟಡದ ಎರಡನೇ ಅಂತಸ್ತಿನಿಂದ ಬಿದ್ದು ಆಕೆಯ ಸೊಂಟ ಮುರಿಯಿತು. “ನಿಂದ್ರೂ ಕೆಲಸ ಮುಗೀತು. ಕುಂದ್ರೂ ಕೆಲಸ ಹುಡುಕಿದ್ನಿ, ಚೀಲ ಸಿಕ್ತು” ಎಂದು ಎರಡು ಮಾತಿನಲ್ಲಿ ಆ ವರ್ಷಗಳನ್ನು ಮುಗಿಸುತ್ತಾಳೆ. ಗಂಡ ಈಗಿಲ್ಲ. ಮಗಳು ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ, ತನ್ನಲ್ಲಿಗೇ ಬಂದುಬಿಡು ಎಂದು ಕರೆಯುತ್ತಾಳೆ. ತಿಪ್ಪವ್ವ ಹೋಗುವುದಿಲ್ಲ. “ಅಲ್ಲಿ ಹರದ ಚೀಲ ಯಾರ್ ಕೊಡ್ತಾರ ನಂಗ?”

ಓದು ಬರಹ ಬಾರದ ಈಕೆ ಚೀಲ ಓದುತ್ತಾಳೆ. ಇಂಡಿ ಸೀಮೆಯಿಂದ ಬರುವ ಲಿಂಬೆ ಚೀಲಗಳ ಮೇಲೆ ಒಬ್ಬೊಬ್ಬ ರೈತನದು ಒಂದೊಂದು ಗುರುತು. ಮೂರು ಚುಕ್ಕಿ ಒಬ್ಬನದು, ನೀಲಿ ಕುಡಗೋಲು ಇನ್ನೊಬ್ಬನದು. ಮಾಲು ಖಾಲಿಯಾದ ಮೇಲೆ ಚೀಲ ತಿಪ್ಪವ್ವನ ತೊಡೆಗೆ ಬರುತ್ತದೆ, ಹೊಲಿಸಿಕೊಂಡು ಅದೇ ಗಾಡಿಯಲ್ಲಿ ಊರಿಗೆ ಹೋಗುತ್ತದೆ. ತಳದಲ್ಲಿ ಕಪ್ಪು ವರ್ತುಲವಿದ್ದರೆ ಹಸಿ ಕಾಯಿ ತುಂಬಿದ್ದಾರೆ. ಒಂದು ಮೂಲೆಯಲ್ಲಿ ಮಾತ್ರ ಬೂಷ್ಟು ಹಿಡಿದಿದ್ದರೆ ಚೀಲವನ್ನು ಒದ್ದೆ ನೆಲದ ಮೇಲೆ ಇಟ್ಟಿದ್ದಾರೆ. ಒಳಗೆ ಮಣ್ಣಿನ ಕಣ ಅಂಟಿದ್ದರೆ, ಗಿಡದ ಕೆಳಗೆ ಬಿದ್ದ ಕಾಯಿಯನ್ನೂ ಕಿತ್ತ ಕಾಯಿಯ ಜೊತೆ ಸೇರಿಸಿದ್ದಾರೆ.

“ಬಿದ್ದ ಕಾಯಿ ನೋಡಾಕ ಚಂದೇ ಇರತಾವ್ರಿ. ಬಂಗಾರದಂಗ ಹಳದಿ. ಆದ್ರ ಮೈಯಾಗ ಪೆಟ್ಟ ಇರತದ. ಒಂದು ಒಡೀತು ಅಂದ್ರ ಮುಂಜಾನಿ ಅನ್ನೋದ್ರಾಗ ಮಗ್ಗಲಿನ ಹತ್ತ ಕಾಯಿ ಕೆಡಸತದ.”

ಕೊಳೆತ ರಸ ಕುಡಿದ ಸೆಣಬು ಬೇಗ ಹರಿಯುತ್ತದೆ. ಅಂಥ ಚೀಲಕ್ಕೆ ಎರಡು ಸಾಲು ಹೊಲಿಗೆ ಬೇಕು. ನೆನಪಿಗಿರಲಿ ಎಂದು ತಿಪ್ಪವ್ವ ಆರು ವರ್ಷದ ಹಿಂದೆ ಅವುಗಳ ಬಾಯಿಯ ಮೂಲೆಗೆ, ಅಂದರೆ ಕಿವಿಗೆ, ಕೆಂಪು ದಾರ ಕಟ್ಟಿದಳು. ಬಿಚ್ಚುವುದು ಮರೆತುಹೋಯಿತು, ಚೀಲಗಳು ಹಾಗೆಯೇ ಊರಿಗೆ ಹೋದವು.

ಆಮೇಲೆ ಆ ಊರಲ್ಲಿ ಆದದ್ದು ಕೇಳಿದರೆ ನಗು ತಡೆಯುವುದಿಲ್ಲ. ನೀಲಿ ಕುಡಗೋಲು ಗುರುತಿನ ರೈತ ಗೂಳಪ್ಪನ ಅಂಗಳದಲ್ಲಿ ಹನ್ನೊಂದು ಚೀಲ ಇಳಿದವು. ಒಂದೊಂದಕ್ಕೂ ಕೆಂಪು ದಾರ, ಒಳಗೆ ಒಣಗಿದ ಲಿಂಬೆ ಚೂರು! ಹೆಂಡತಿ ಚನ್ನಬಸವ್ವ ಕೈಯಲ್ಲಿದ್ದ ಕೊಡ ಬಿಟ್ಟು ಚೀರಿದಳು. ಪುಣೆಯಿಂದ ಯಾರೋ ಮಾಟ ಮಾಡಿಸಿ ಕಳಿಸಿದ್ದಾರೆಂದು ಓಣಿಯೆಲ್ಲ ಗುಲ್ಲು. ಮೂರು ದಿನ ಚೀಲ ಬೇಲಿಯಾಚೆ ಬಿದ್ದಿದ್ದವು, ನಾಯಿಯನ್ನೂ ಆ ಕಡೆ ಬಿಡಲಿಲ್ಲ. ಕೊನೆಗೆ ಗೂಳಪ್ಪ ಅಡತಿ ಅಂಗಡಿಗೆ ಫೋನ್ ಮಾಡಿ ಜಗಳ ತೆಗೆದ. ಅಂಗಡಿಯ ಮಾಲೀಕ ಮಾರ್ತಾಂಡ ರೇಗಿ ಫೋನನ್ನು ತಿಪ್ಪವ್ವನ ಕಿವಿಗೇ ಹಿಡಿದ.

“ಮಾಟ ಅಲ್ಲಪಾ ಯಪ್ಪಾ. ನಿನ್ನ ಕಾಯಿ ಕೊಳೀಲಿಕ್ಕತ್ತಾವ. ಮಂಜ ಆರೂದ್ರಾಗ ಕಾಯಿ ಹರೀತಿ ಹೌದಿಲ್ಲ?”

ಅತ್ತ ಗೂಳಪ್ಪ ಬೆರಗಾಗಿ ಕೇಳಿದ: “ನೀವು ನಮ್ಮ ತೋಟಕ್ಕ ಯಾವಾಗ ಬಂದಿದ್ರಿ ಅಕ್ಕಾ?”

ಅಂದಿನಿಂದ ಕೆಂಪು ದಾರ ಎಚ್ಚರಿಕೆಯಾಯಿತು. ತೊಟ್ಟು ಕಿತ್ತು ಕಾಯಿಗೆ ಗಾಯವಾಗಿದ್ದರೆ ಹಳದಿ, ಎಲ್ಲ ಸರಿಯಿದ್ದರೆ ಹಸಿರು. ಈಗ ಹದಿಮೂರು ರೈತರು ಖಾಲಿ ಚೀಲ ಇಳಿಸಿಕೊಂಡ ಕೂಡಲೇ ಮೊದಲು ಕಿವಿ ನೋಡುತ್ತಾರೆ. ಸಂಜೆ ತಿಪ್ಪವ್ವ ಮೊಬೈಲಿನ ಗುಂಡಿ ಒತ್ತಿ ಹಿಡಿದು ಅವರ ಗ್ರೂಪಿಗೆ ಮಾತು ಕಳಿಸುತ್ತಾಳೆ. ಮಂಜು ಆರಿದ ಮೇಲೆ ಕಾಯಿ ಹರಿಯಿರಿ. ಜಗ್ಗಬೇಡಿ, ಚೂರು ತೊಟ್ಟು ಬಿಟ್ಟು ಕತ್ತರಿಸಿ. ಬಿದ್ದದ್ದು ಬೇರೆ, ಕಿತ್ತದ್ದು ಬೇರೆ. ರಾತ್ರಿ ಸೂರಿನ ಕೆಳಗೆ ಹರವಿ, ಬಿಸಿ ಕಾಯಿ ತುಂಬಬೇಡಿ. ಚೀಲ ತೊಳೆದು ಬಿಸಿಲಿಗೆ ಹಾಕದೆ ಮತ್ತೆ ಬಳಸಬೇಡಿ. ಗಿಡದ ರೋಗದ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ಆಕೆಯ ಉತ್ತರ ಖಡಕ್: “ಅದು ಕೃಷಿ ಆಫೀಸಿನೋರಿಗೆ ಕೇಳ್ರಿ. ನಂದು ಚೀಲದ ಸುದ್ದಿ ಅಷ್ಟ.”

ಆದರೆ ಈ ವಾರ ಸುದ್ದಿ ಚೀಲ ದಾಟಿ ಹೋಗಿತ್ತು. ಶನಿವಾರ ರಾತ್ರಿ ಇಂಡಿ ಕಡೆ ಜೋರು ಮಳೆ. ವಾಡಿಕೆಯ ಗಾಡಿ ಹೊರಡುವುದು ಭಾನುವಾರ ಸಂಜೆ. ಏನು ಮಾಡಲಿ ಎಂದು ಗೂಳಪ್ಪ ಕೇಳಿದ್ದಕ್ಕೆ ತಿಪ್ಪವ್ವ ಧೈರ್ಯ ಮಾಡಿ ಹೇಳಿಬಿಟ್ಟಳು. ಭಾನುವಾರ ಗಿಡ ಮುಟ್ಟಬೇಡಿ, ಸೋಮವಾರ ಬಿಸಿಲೇರಿದ ಮೇಲೆ ಹರಿಯಿರಿ, ರಾತ್ರಿ ಹರವಿ, ಮಂಗಳವಾರ ತುಂಬಿ. ಗಾಡಿ ಎರಡು ದಿನ ತಡ! ಹದಿಮೂರು ಮನೆಯವರು ಒಪ್ಪಿದರು. ಒಪ್ಪದವನು ಮಾರ್ತಾಂಡ.

“ತಿಪ್ಪವ್ವ, ನೀ ಅಡತಿನೋ ನಾ ಅಡತಿನೋ? ನನ್ನ ಗಿರಾಕಿ ಎರಡ ದಿನ ಕೈಕಟಗೊಂಡು ಕುಂದ್ರತಾನೇನು? ಇಷ್ಟಾಗಿ ಮಾಲ ತೊಯ್ದ ಬಂತೋ, ನಿನ್ನ ದಬ್ಬಣ ಸುತಳಿ ತಗೊಂಡು ಬ್ಯಾರೆ ಮೆಟ್ಟಲಾ ನೋಡ್ಕೊ.”

ಸೊಂಟ ನೋಯುವ ಹೆಂಗಸಿಗೆ ಬೇರೆ ಮೆಟ್ಟಿಲು ಎಲ್ಲಿದೆ? ಅದಕ್ಕಿಂತ ಹೆಚ್ಚು ಕೊರೆದದ್ದು ಇನ್ನೊಂದು ಯೋಚನೆ. “ನನ್ನ ಜಾಗಾ ಹೋದ್ರ ಹೋಗ್ಲಿ. ಹದಿಮೂರು ಮನಿ ಮಂದಿ ನನ್ನ ಮಾತ ಕೇಳಿ ಕಾಯಿ ಗಿಡದಾಗ ಬಿಟ್ಟಾರ. ಅವ್ರ ಮುಖಾನೂ ನಾ ನೋಡಿಲ್ಲ. ಕೆಟ್ರ ಏನಂತ ಹೇಳ್ಲಿ?” ಅದಕ್ಕೇ ಈ ಬುಧವಾರ ನಾಲ್ಕು ಗಂಟೆಗೇ ಬಂದು ಗಾಡಿ ಕಾದಳು, ಅದಕ್ಕೇ ಚಹಾ ತಣ್ಣಗಾಯಿತು.

ಆರೂವರೆಗೆ ಮಾರ್ತಾಂಡ ಬರುತ್ತಾನೆ. ಮರಾಠಿ ಗಿರಾಕಿ ಆಗಲೇ ಎರಡು ಚೀಲ ಸುರುವಿಸಿಕೊಂಡು ಕಾಯಿ ತಿರುವಿ ನೋಡುತ್ತಿದ್ದಾನೆ. “ಮಾಲ್ ಏಕದಮ್ ಕೋರಡಾ ಆಹೆ” ಎನ್ನುತ್ತಾನೆ ಅವನು, ಪೂರ್ತಿ ಒಣಗಿದೆ ಎಂದು. ಭಾನುವಾರವೇ ಹೊರಟು ಬಂದ ಬೇರೆ ಊರುಗಳ ಲಿಂಬೆ ಪಕ್ಕದ ಸಾಲಿನಲ್ಲಿ ಇನ್ನೂ ಬಿದ್ದಿದೆ, ಅಲ್ಲಿ ಆರಿಸುವ ಹೆಂಗಸರು ಮೂಗಿಗೆ ಸೆರಗು ಹಿಡಿದಿದ್ದಾರೆ. ನೂರಾ ನಲವತ್ತೂ ಚೀಲ ಏಳರೊಳಗೆ ಖಾಲಿ.

ಮಾರ್ತಾಂಡ ಮೆಟ್ಟಿಲ ಬಳಿ ಬಂದು ನಿಲ್ಲುತ್ತಾನೆ. ಮಾಂತು ದೂರದಿಂದಲೇ ಕೂಗುತ್ತಾನೆ: “ಸಾವಕಾರ್ರ, ಬ್ಯಾರೆ ಮೆಟ್ಟಲಾ ನೋಡಾಕ ನಾವೂ ಬರೂಣೇನ್ರಿ?”

“ಬಾಯಿ ಮುಚ್ಚಕೊಂಡು ಚೀಲ ಹೊರೋ” ಎಂದು ಗದರಿ ಮಾರ್ತಾಂಡ ತಿಪ್ಪವ್ವನ ಕಡೆ ತಿರುಗುತ್ತಾನೆ. “ಹಸರ ದಾರ ಅದನೇ ನಿನ್ನ ಹಂತ್ಯಾಕ? ನೂರಾ ನಲವತ್ತು ಬೇಕಾಗತದ. ತರಸ್ಲಿ?” ಕ್ಷಮೆಯ ಮಾತು ಬರುವುದಿಲ್ಲ. ಬಿಸಿ ಚಹಾ ಬರುತ್ತದೆ, ಜೊತೆಗೆ ಎರಡು ಬನ್.

ಹತ್ತು ಗಂಟೆಗೆ ತಿಪ್ಪವ್ವನ ಮಡಿಲಲ್ಲಿ ನೀಲಿ ಕುಡಗೋಲಿನ ಚೀಲಗಳಿವೆ, ಒಂದೊಂದರ ಕಿವಿಗೂ ಹಸಿರು ಕಟ್ಟುತ್ತಿದ್ದಾಳೆ. ಅಷ್ಟರಲ್ಲಿ ಫೋನು. ಗೂಳಪ್ಪನ ದನಿ ಅಂಗಡಿಗೆಲ್ಲ ಕೇಳುತ್ತದೆ.

“ಅಕ್ಕಾರ, ಇವತ್ತ ಸಂಜಿ ಬ್ಯಾರೆ ಊರಿನ ಲಿಂಬಿ ಗಾಡ್ಯಾಗ ನಾವಿಬ್ರೂ ಹತ್ತಾಕತ್ತೀವಿ. ಆರ ವರ್ಷ ಆತು, ಇನ್ನೂ ನಿಮ್ಮ ಮುಖಾ ನೋಡಿಲ್ಲಂದ್ರ ಹೆಂಗ್ರಿ?”

ಫೋನು ಚನ್ನಬಸವ್ವನ ಕೈಗೆ ಹೋಗುತ್ತದೆ. “ಯಕ್ಕಾ, ಮಾಟಗಾತಿ ಅಂತ ನಿಂಗ ಬೈದಾಕಿ ನಾನೇ. ಸಿಟ್ಟಿಲ್ಲ ಹೌದಿಲ್ಲ? ಏನ್ ತರ್ಲಿ ಹೇಳ. ರೊಟ್ಟಿ ತರ್ಲಿ? ಶೇಂಗಾ ಹಿಂಡಿ?”

ತಿಪ್ಪವ್ವ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಸ್ವಲ್ಪ ಯೋಚಿಸುತ್ತಾಳೆ. ಹದಿನೇಳು ವರ್ಷದಲ್ಲಿ ಎಷ್ಟೋ ಸಾವಿರ ಲಿಂಬೆ ಚೀಲ ಕೈದಾಟಿವೆ. ಲಿಂಬೆಯ ತೋಟವನ್ನು ಆಕೆ ಇನ್ನೂ ಕಂಡಿಲ್ಲ.

“ರೊಟ್ಟಿ ತಂದ್ರ ತಾ, ಬ್ಯಾಡ ಅನ್ನಂಗಿಲ್ಲ. ಒಂದು ಸಣ್ಣ ಟೊಂಗಿ ಮುರಕೊಂಡ ಬಾ. ಎಲಿ ಇರ್ಲಿ, ಕಾಯಿ ಇರ್ಲಿ, ಮುಳ್ಳೂ ಇರ್ಲಿ. ಗಿಡದಾಗ ಹೆಂಗ ಕುಂತಿರತದ ಅಂತ ಒಮ್ಮಿ ನೋಡಬೇಕಾಗೇದ ನಂಗ.”

“ಮಂಜ ಆರಿದ ಮ್ಯಾಲ ಮುರೀತೀನಿ ಬಿಡಕ್ಕಾ!” ಅತ್ತ ಚನ್ನಬಸವ್ವ ನಗುತ್ತಾಳೆ. “ನಾಳೆ ಮುಂಜಾನಿ ಆರಕ್ಕ ಅಲ್ಲಿರತೀವಿ. ಅಷ್ಟ ದೊಡ್ಡ ಮಾರ್ಕೆಟ್ಟಿನ್ಯಾಗ ನಿನ್ನ ಗುರ್ತ ಹೆಂಗ ಹಿಡೀಲಿ?”

“ಗಾಡಿ ನಿಂತಲ್ಲೆ ಇಳದು ಯಾರಿಗರೆ ಕೇಳ” ಎನ್ನುತ್ತಾಳೆ ತಿಪ್ಪವ್ವ, ಕೈ ಮತ್ತೆ ಹಸಿರು ದಾರಕ್ಕೆ ಹೋಗುತ್ತದೆ. “ದಬ್ಬಣ ಹಿಡದಾಕಿ ಈ ಸಾಲಿನಾಗ ನಾ ಒಬ್ಬಾಕೇ.”