ಕಮಲತ್ತೆಯ ಕಾರು ಎಡಕ್ಕೆ ತಿರುಗಿದ ದಿನ

ಮೊನ್ನೆ ಕೆಂಪಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಯಾರೋ ಬೈಕಿನ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಲಿಫ್ಟು ಬಂತು, ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡಿತು, ನಾನು ಮಾತ್ರ ಅಲ್ಲೇ ನಿಂತಿದ್ದೆ. ಸೀಮೆಎಣ್ಣೆಯಲ್ಲಿ ಕರಗುವ ಹಳೆಯ ಗ್ರೀಸಿನ ಆ ವಾಸನೆ ನನ್ನ ಕಮಲತ್ತೆಯ ಕೈಗಳದು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಅದು ಉಳಿಯುತ್ತಿತ್ತು. ಅದೇ ಕೈಯಿಂದ ಅವಳು ನನಗೆ ಜಡೆ ಹೆಣೆಯುತ್ತಿದ್ದಳು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡರೆ ನಾನು ತಲೆ ತಗ್ಗಿಸುತ್ತಿದ್ದೆ. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದಿರಬಹುದು. ಆಗ ನಾಚಿಸುತ್ತಿದ್ದದ್ದು, ಈಗ ಬೇಕೆಂದರೂ ಸಿಗದ್ದು.

ಅಲ್ಲಾಳಸಂದ್ರದ ಕೆರೆಯ ಹತ್ತಿರ ನಮ್ಮ ಹೆಂಚಿನ ಮನೆ. ಹಿಂದೆ ದ್ರಾಕ್ಷಿ ಚಪ್ಪರ, ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನೊಳಗೆ ತಾತ ಬಿಟ್ಟುಹೋದ ಕಾರು. ಊರು ಬಿಟ್ಟು ಹೊರಟಿದ್ದ ಬಿಳಿಯ ದೊರೆಯೊಬ್ಬನಿಂದ ತಾತ ಅದನ್ನು ಕೊಂಡಿದ್ದರಂತೆ. ಆಗಲೇ ಅದು ಮುದಿಯಾಗಿತ್ತು. ತಗ್ಗು ಬಾಗಿಲು, ಬಟ್ಟೆಯ ಚಾವಣಿ, ಮರದ ಬಳೆಯ ಸ್ಟಿಯರಿಂಗ್ ಚಕ್ರ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯಲ್ಲಿ ಅವಳದ್ದು ಅನ್ನುವಂಥದ್ದು ಅದೊಂದೇ. ತಾತ ಸಾಯುವ ಮುಂಚೆ, ‘ಗಾಡಿ ಕಮಲಂದು’ ಅಂದಿದ್ದರು. ಬಂದ ನೆಂಟರೆಲ್ಲ ಅದನ್ನು ತಮಾಷೆಯೆಂದೇ ತಿಳಿದರು. ಅತ್ತೆ ತಿಳಿಯಲಿಲ್ಲ. ಹೊಲಿಗೆ ಕಲಿಸಿ ಬಂದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿಗೆ ಹೋಗಿಬಿಡುತ್ತಿದ್ದಳು.

ಎಂಜಿನ್ನು ಹೇಗೋ ಸರಿಹೋಗಿತ್ತು. ಕೆಟ್ಟದ್ದು ಸ್ಟಿಯರಿಂಗು. ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರೂ ಗಾಲಿ ಅಲುಗುತ್ತಿರಲಿಲ್ಲ. ಸ್ಟಿಯರಿಂಗ್ ಕಂಬದ ಬುಡದಲ್ಲಿ ಒಂದು ಡಬ್ಬಿ. ಅದರೊಳಗೆ ತಿರುಪಿನ ಹಾಗೆ ಹಲ್ಲು ಕೊರೆದ ದಪ್ಪ ಕಬ್ಬಿಣದ ತುಂಡು, ಅದಕ್ಕೆ ಕಚ್ಚಿಕೊಳ್ಳುವ ಇನ್ನೊಂದು ಹಲ್ಲುಚಕ್ರ. ಎರಡೂ ಸವೆದು ಬೋಳಾಗಿದ್ದವು. ಅಂಥ ಜೋಡಿ ನಮ್ಮ ಊರಲ್ಲಿ ಎಲ್ಲಿ ಸಿಗಬೇಕು? ಅಷ್ಟರಲ್ಲಿ ನನ್ನ ಅಪ್ಪ, ಅಂದರೆ ಅತ್ತೆಯ ತಮ್ಮ, ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಸಾಹೇಬರು ಅಮೆರಿಕಕ್ಕೆ ಹೊರಟರು. ಕಾರೂ ಆ ದೇಶದ್ದೇ, ಆದರೆ ನಮ್ಮ ರಸ್ತೆಗಳಿಗಾಗಿ ಸ್ಟಿಯರಿಂಗನ್ನು ಬಲಗಡೆಗೆ ಇಟ್ಟು ಕಟ್ಟಿದ್ದು. ಅತ್ತೆ ಸವೆದ ತುಂಡನ್ನು ತೊಳೆದು, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಪ್ಪನ ಕೈಗಿಟ್ಟಳು.

“ಸೀನ, ಬಾಯಲ್ಲಿ ಹೇಳಿದ್ರೆ ಆಗಲ್ಲ ಕಣೋ. ಇದನ್ನೇ ಕೊಡು. ಇದರ ಪಕ್ಕ ಇಟ್ಟು ನೋಡಿ ತರ್ಲಿ.”

“ಆಯ್ತು ಬಿಡಕ್ಕ,” ಅಂದ ಅಪ್ಪ.

ಕೆಲವು ತಿಂಗಳ ಮೇಲೆ ಅಪ್ಪ ಹೊಳೆಯುವ ಹೊಸ ಜೋಡಿಯನ್ನು ಮನೆಗೆ ತಂದ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡಳು. ಹಳೆಯ ತುಂಡೆಲ್ಲಿ ಎಂದಾಗ, “ಸಾಹೇಬ್ರು ಅಲ್ಲೇ ಬಿಟ್ಟು ಬಂದ್ರಂತೆ” ಅಂದ. ತಮ್ಮ ತಂದ ಸಾಮಾನನ್ನು ಅವಳು ಅನುಮಾನಿಸಲಿಲ್ಲ. ಆಯುಧಪೂಜೆಗೆ ಕಾರು ಹೊರಡಲೇಬೇಕೆಂಬ ಆತುರ ಬೇರೆ. ಯಲಹಂಕದ ಮೆಕ್ಯಾನಿಕ್ ಒಬ್ಬನನ್ನು ಕರೆಸಿ ಹಬ್ಬದ ದಿನವೇ ಕೂಡಿಸಿದಳು.

ಆ ದಿನ ಅರ್ಧ ಊರು ನಮ್ಮ ಗೇಟಿನ ಮುಂದಿತ್ತು. ಕಾರಿಗೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ನಾನು ಹೊಸ ಲಂಗ ತೊಟ್ಟು ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ಕಾರು ಶೆಡ್ಡಿನಿಂದ ನೇರವಾಗಿ ಗೇಟಿನವರೆಗೆ ಬಂತು. ರಸ್ತೆಗೆ ಇಳಿಯುವಾಗ ಅತ್ತೆ ಚಕ್ರವನ್ನು ಬಲಕ್ಕೆ ತಿರುಗಿಸಿದಳು. ಕಾರು ಎಡಕ್ಕೆ ಹೊರಳಿತು. ಗಾಬರಿಯಲ್ಲಿ ಅವಳು ಇನ್ನೂ ಬಲಕ್ಕೆ ಎಳೆದಳು, ಕಾರು ಇನ್ನೂ ಎಡಕ್ಕೆ ನುಗ್ಗಿ ಪಕ್ಕದ ಮನೆಯವರ ತಿಪ್ಪೆಗೆ ಹತ್ತಿ ನಿಂತುಬಿಟ್ಟಿತು. ಗುಂಪಿನಿಂದ ನಗು ಎದ್ದಿತು.

“ಎಂಗಸ್ರು ಗಾಡಿ ಓಡ್ಸಿದ್ರೆ ಇಂಗೇ ಆಗೋದು!” ಎಂದು ಯಾರೋ ಕೂಗಿದರು. “ಎಡ ಬಲ ಗೊತ್ತಾಗಲ್ವೇನಮ್ಮೋ ಕಮಲಮ್ಮ?”

ಅತ್ತೆ ಎರಡೂ ಕೈಗಳನ್ನು ಚಕ್ರದ ಮೇಲಿಟ್ಟುಕೊಂಡೇ ಕೂತಿದ್ದಳು. “ನಾನು ಬಲಕ್ಕೇ ತಿರುಗಿಸಿದ್ದು,” ಎಂದು ಮೆಲ್ಲಗೆ ಹೇಳಿದಳು, ನನಗೊಬ್ಬಳಿಗೇ ಕೇಳುವಷ್ಟು. ನಾನು ಗುಂಪಿನಲ್ಲಿ ಅಪ್ಪನನ್ನು ಹುಡುಕಿದೆ. ಅಪ್ಪನೂ ನಗುತ್ತಿದ್ದ. ಉಳಿದವರ ಹಾಗಲ್ಲ; ಬಾಯಿ ಮಾತ್ರ ನಗುತ್ತಿತ್ತು, ಮುಖ ಬಿಳಿಚಿಕೊಂಡಿತ್ತು.

ಎರಡು ದಿನ ಅತ್ತೆ ಶೆಡ್ಡಿನ ಕಡೆ ಹೋಗಲಿಲ್ಲ, ಸರಿಯಾಗಿ ಊಟವನ್ನೂ ಮಾಡಲಿಲ್ಲ. ಮೂರನೆಯ ದಿನ ಅವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಾಗ, ಅಮ್ಮ ಅಟ್ಟದ ಮೇಲಿನ ಪಾತ್ರೆಗಳ ಹಿಂದಿನಿಂದ ಸೀರೆಯ ತುಂಡಿನ ಆ ಗಂಟನ್ನು ತಂದು ಅವಳ ಮುಂದೆ ಇಟ್ಟಳು.

“ಅತ್ತಿಗೆ, ಇವರು ಕೊಟ್ಟೇ ಇರ್ಲಿಲ್ಲ. ಹರಕು ಸೀರೆ ಗಂಟು ತಗೊಂಡು ಸಾಹೇಬ್ರ ಮನೆಗೆ ಹೆಂಗೆ ಹೋಗ್ಲಿ ಅಂತ... ಕಾರಿನ ಹೆಸರು ಮಾತ್ರ ಹೇಳಿದ್ರಂತೆ.”

ಅತ್ತೆ ಎದ್ದು ಶೆಡ್ಡಿಗೆ ಹೋದಳು, ಡಬ್ಬಿ ಬಿಚ್ಚಿ ಹೊಸ ತುಂಡನ್ನು ಹೊರತೆಗೆದಳು. ಎರಡನ್ನೂ ಜಗಲಿಯ ಮೇಲೆ ಅಕ್ಕಪಕ್ಕ ನಿಲ್ಲಿಸಿದಾಗ ನನಗೂ ಗೊತ್ತಾಯಿತು. ಒಂದರ ಹಲ್ಲು ಬಲಕ್ಕೆ ಹತ್ತಿದರೆ ಇನ್ನೊಂದರದು ಎಡಕ್ಕೆ. ಹೊಸದು ಅಮೆರಿಕದ ರಸ್ತೆಯಲ್ಲಿ ಎಡಗಡೆ ಕೂತು ಓಡಿಸುವ ಕಾರಿನದು, ನಮ್ಮದಕ್ಕೆ ಕನ್ನಡಿಯ ಬಿಂಬ. ಅತ್ತೆ ಸಿಟ್ಟಾಗುತ್ತಾಳೆಂದು ಕಾದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಪಾಪ, ಅವನಿಗೆ ಅಷ್ಟು ನಾಚಿಕೆ ಆಗಿರ್ಬೇಕು,” ಅಂದಳು. ಹಳೆಯ ತುಂಡನ್ನು ಮತ್ತೆ ಸೀರೆಯಲ್ಲಿ ಸುತ್ತುತ್ತ, “ಯಾರಿಗೂ ಹೇಳ್ಬೇಡ ಪುಟ್ಟಿ” ಎಂದಳು.

ಆಮೇಲೆ ಅವಳೇ ಹುಡುಕಿದಳು. ಹಳೆಯ ತುಂಡನ್ನು ಬುಟ್ಟಿಯಲ್ಲಿಟ್ಟುಕೊಂಡು ಯಶವಂತಪುರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದಳು. “ನೀವ್ಯಾಕಮ್ಮ ಬಂದ್ರಿ, ಗಂಡಸ್ರನ್ನ ಕಳ್ಸಿ” ಅಂದವರ ಮುಂದೆಯೂ ಗಂಟು ಬಿಚ್ಚಿ ತೋರಿಸಿದಳು. ಕೊನೆಗೆ ಅದು ಸಿಕ್ಕಿದ್ದು ಮಂಡ್ಯದ ಕಡೆಯ ಅಕ್ಕಿ ಗಿರಣಿಯೊಂದರ ಹಿಂದೆ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಅದೇ ಜಾತಿಯ ಸತ್ತ ಕಾರೊಂದರೊಳಗೆ. ಅಷ್ಟು ಹೊತ್ತಿಗೆ ನಾನು ಹೈಸ್ಕೂಲು ಸೇರಿದ್ದೆ. ಕಾರು ಬಲಕ್ಕೆಂದರೆ ಬಲಕ್ಕೆ ತಿರುಗಿತು. ಆದರೆ ಅಷ್ಟು ಹೊತ್ತಿಗೆ ‘ಎಡಗೈ ಕಮಲಮ್ಮ’ ಎಂಬ ಹೆಸರು ಊರಲ್ಲಿ ನೆಲೆಯಾಗಿಬಿಟ್ಟಿತ್ತು.

ಅಪ್ಪ ಆ ಕಾರಿನಲ್ಲಿ ಒಮ್ಮೆಯೂ ಕೂರಲಿಲ್ಲ. ಬೆಳಿಗ್ಗೆ ಬಸ್ಸಿಗೆ ನಡೆದು ಹೋಗುವಾಗ ಅತ್ತೆ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ, “ಬಾರೋ ಸೀನ, ಹೆಬ್ಬಾಳದ ತನಕ ಬಿಡ್ತೀನಿ” ಅನ್ನುತ್ತಿದ್ದಳು. ಅಪ್ಪ ಚಪ್ಪಲಿ ನೋಡಿಕೊಂಡು, “ಬೇಡಕ್ಕ, ನಡೆದ್ರೆ ಒಳ್ಳೇದು” ಅನ್ನುತ್ತಿದ್ದ. ಹೀಗೇ ವರ್ಷಗಳು ಕಳೆದವು. ಅವಳಿಗೆ ವಿಷಯ ಗೊತ್ತೆಂದು ಅವನಿಗೂ ಗೊತ್ತಿತ್ತು. ಒಂದೇ ತಟ್ಟೆಯ ಹಪ್ಪಳ ಮುರಿದು ತಿನ್ನುತ್ತ ಇಬ್ಬರೂ ಅದರ ಬಗ್ಗೆ ಮಾತೆತ್ತಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಮನೆಯ ಜಾಗವನ್ನು ಬಿಲ್ಡರಿಗೆ ಕೊಡುವುದೆಂದಾಯಿತು, ಕಾರನ್ನು ಹಳೆಯ ಕಾರು ಸಂಗ್ರಹಿಸುವ ಯುವಕನೊಬ್ಬ ಕೊಂಡ. ಲಾರಿಗೆ ಏರಿಸುವ ಮುಂಚೆ ಅವನು ಬಾನೆಟ್ಟಿನ ಕೆಳಗೆ ಟಾರ್ಚು ಬಿಟ್ಟು ನೋಡಿ, “ಸ್ಟಿಯರಿಂಗ್ ಬಾಕ್ಸ್ ಒರಿಜಿನಲ್ಲಾ ಅಂಕಲ್?” ಎಂದು ಕೇಳಿದ.

ಅಪ್ಪನಿಗೆ ಆಗ ಕೋಲು ಬೇಕಾಗಿತ್ತು. ಕೋಲಿನ ಮೇಲೆ ಎರಡೂ ಕೈ ಊರಿ, “ಮೊದಲು ನಾನು ತಂದಿದ್ದೆ. ತಪ್ಪು ತಂದೆ,” ಅಂದ. “ಅವಳು ಕೊಟ್ಟಿದ್ದನ್ನ ಮುಚ್ಚಿಟ್ಟೆ. ಜನ ಅವಳನ್ನ ನೋಡಿ ನಕ್ರು. ನಾನೂ ನಕ್ಕೆ.”

ಯುವಕ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. “ಪರವಾಗಿಲ್ಲ ಅಂಕಲ್, ಈಗ ಕರೆಕ್ಟಾಗಿದೆಯಲ್ಲ,” ಎಂದು ಟಾರ್ಚು ಆರಿಸಿದ.

ಅಪ್ಪ ತಲೆಯಾಡಿಸಿದ. ಕೇಳಬೇಕಾದವಳು ಇರಲಿಲ್ಲ. ಲಾರಿ ದೊಡ್ಡ ರಸ್ತೆಗೆ ಸೇರಿ ಕಣ್ಮರೆಯಾದ ಮೇಲೂ ಅವನು ಗೇಟಿನಲ್ಲೇ ನಿಂತಿದ್ದ. ಒಳಗೆ ಬಾ ಎಂದು ಕರೆಯಲು ನನಗೂ ಧೈರ್ಯ ಬರಲಿಲ್ಲ.