ಟ್ಯುನಿಸ್‌ನಿಂದ ಬಂದ ವಾರಗಿತ್ತಿ

ನಮ್ಮ ಮನೆಯಲ್ಲಿ ಇಂಗ್ಲಿಷ್ ಪೇಪರ್ ಓದುವವಳು ನಾನೊಬ್ಬಳೇ. ಮಧ್ಯಾಹ್ನ ಕೆಲಸದ ಹೆಂಗಸರು ಅಟ್ಟದಿಂದ ಇಳಿಸಿದ ಕಾಯಿ ಒಡೆದು ಕೊಬ್ಬರಿ ಬಿಡಿಸುವಾಗ ಲೋಕದ ಸುದ್ದಿಯೆಲ್ಲ ನನ್ನ ಬಾಯಿಂದಲೇ ಅವರನ್ನು ತಲುಪುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ನನ್ನ ಪ್ರನನ್ಸಿಯೇಷನ್‌ಗೆ ತಿಪಟೂರು ಸೀಮೆಯಲ್ಲಿ ಇನ್ನೆಲ್ಲಿ ಬೆಲೆ?

ಆಮೇಲೆ ವಾರಗಿತ್ತಿ ಬಂದಳು. ಮೈದುನ ಅರಬ್ ದೇಶದ ಟ್ಯುನಿಸ್‌ನಲ್ಲಿ ಗೊಬ್ಬರದ ಕಂಪನಿಯ ಕೆಲಸ ಮುಗಿಸಿ ವಾಪಸಾಗಿದ್ದ. ಮೊದಲ ದಿನವೇ ಅವಳು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಒಡೆದುಬಿಟ್ಟಳು. ಒಳಗಿನ ನೀರು ಇನ್ನೂ ಇಂಗಿರಲಿಲ್ಲ, ಸೀರೆಯೆಲ್ಲ ಒದ್ದೆ. ಹೆಂಗಸರು ನಗುತ್ತಾರೆಂದು ಕಾದೆ. ನಕ್ಕರು, ಆದರೆ ಅವಳ ಜೊತೆ ಸೇರಿಕೊಂಡು.

"ಅಲ್ಲಿ ಎಲೆಕ್ಷನ್ ಹೆಂಗೆ ನಡೀತೈತೆ, ಚಿಕ್ಕಮ್ಮೋರೆ?" ಎಂದು ಕೇಳಿದರು. ನನ್ನನ್ನಲ್ಲ, ಅವಳನ್ನು!

ಸರ್ವಾಧಿಕಾರಿ ಓಡಿಹೋದ ಮೇಲೆ ಧರ್ಮದ ಪಾರ್ಟಿಯೇ ಗೆದ್ದಿತಂತೆ. ಜನ ತಿರುಗಿಬಿದ್ದಾಗ ಕುರ್ಚಿ ಬಿಟ್ಟು ಇಳಿಯಿತಂತೆ.

"ನಮ್ಮ ಪಕ್ಕದ್ಮನೆಯೋಳು ಐದು ಹೊತ್ತೂ ನಮಾಜು ಮಾಡೋಳು ಕಣ್ರೇ. ಆದ್ರೂ ಆ ಪಾರ್ಟಿಗೆ ಒಂದ್ಸಲಾನೂ ವೋಟು ಹಾಕ್ಲಿಲ್ಲ. ಗಂಡ ಅದೇ ಪಾರ್ಟಿ!"

"ಮನೇಲಿ ಜಗಳ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಆಮೇಲೆ ಒಂದೇ ತಟ್ಟೇಲಿ ಉಣ್ಣೋರು."

ನನಗೆ ತಡೆಯಲಾಗಲಿಲ್ಲ. "ಈಗೇನಾಯ್ತು ಅದನ್ನೂ ಹೇಳೇ! ಪ್ರೆಸಿಡೆಂಟು ಪಾರ್ಲಿಮೆಂಟಿಗೇ ಬೀಗ ಹಾಕಿಸ್ದ. ಆ ಪಾರ್ಟಿಯ ದೊಡ್ಡೋರೆಲ್ಲ ಜೈಲಲ್ಲಿ. ಐ ರೆಡ್ ಇಟ್ ಮೈಸೆಲ್ಫ್."

"ಹೌದಕ್ಕ. ಬೀಗ ಹಾಕಿದ ದಿನ ಆ ಪಕ್ಕದ್ಮನೆಯೋಳು ಅತ್ಲು. ನಿನಗಾಗದ ಪಾರ್ಟಿ ಅಲ್ವಾ, ಯಾಕೆ ಅಳ್ತೀಯಾ ಅಂದೆ. 'ಅವರನ್ನ ಸೋಲಿಸೋಳು ನಾನು, ಬೀಗ ಹಾಕಕ್ಕೆ ಅವನ್ಯಾರು?' ಅಂದ್ಲು."

ಆ ಮಾತು ನನ್ನ ಪೇಪರಿನಲ್ಲಿ ಬಂದಿರಲಿಲ್ಲ. ಅದನ್ನು ಆಡಿದವಳ ಮೇಲೂ ಹೊಟ್ಟೆಕಿಚ್ಚು, ಕಿವಿಯಾರೆ ಕೇಳಿದವಳ ಮೇಲೂ. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ವೋಟುಗಳು ಮಠದ ಕಡೆಯವರು ಹೇಳಿದಲ್ಲಿಗೆ ಒಟ್ಟಿಗೇ ಬೀಳುತ್ತಿದ್ದವು. ನನ್ನ ಇಷ್ಟೆಲ್ಲ ಇಂಗ್ಲಿಷ್ ಅಲ್ಲಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಎಲೆಕ್ಷನ್ ಹತ್ತಿರವಿತ್ತು. ಸಂಜೆ ಕಾಫಿಗೆ ಕೂತ ಯಜಮಾನರು, "ಮಠದ ಕಡೆಯಿಂದ ಹೇಳವ್ರೆ, ಈ ಸಲ ನಮ್ಮನೇರೆಲ್ಲ..." ಎಂದು ಶುರುಮಾಡಿದರು.

"ನನ್ನ ವೋಟು ನಾನು ನೋಡ್ಕೋತೀನಿ ಬುಡಿ," ಎಂದೆ.



ಅಡುಗೆಮನೆ ಬಾಗಿಲಲ್ಲಿ ವಾರಗಿತ್ತಿ ನಗುತ್ತಿದ್ದಳು. ನೋಡಿದಳಲ್ಲ, ಮುಗಿಯಿತು. ನಾಳೆ ಮಧ್ಯಾಹ್ನ ಹೆಂಗಸರಿಗೆ ಈ ಕಥೆಯನ್ನೂ ಅವಳೇ ಹೇಳುತ್ತಾಳೆ, ಅದೂ ನನಗಿಂತ ಚೆನ್ನಾಗಿ.