ಅಪ್ಪನಿಗಾಗಿ ನೀರಿಲ್ಲದ ಶ್ರೀಲಂಕಾ

ಐದು ದಿನ, ಎರಡೇ ಹೋಟೆಲು, ಮೆಟ್ಟಿಲು ಆದಷ್ಟು ಕಡಿಮೆ. ಇಷ್ಟು ತೀರ್ಮಾನವಾಗುವಷ್ಟರಲ್ಲಿ ವಿಜಯವಾಡದಿಂದ ಅಪ್ಪನಿಗೆ ಅದೆಷ್ಟು ಸಲ ಫೋನ್ ಮಾಡಿದ್ದೆನೋ ದೇವರೇ ಬಲ್ಲ. ಪಟಮಟದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ನನ್ನ ಬಾಯಲ್ಲಿ ಶ್ರೀಲಂಕಾ. ಗಂಡ ತೆಲುಗಿನವನು, ಸಮಾಧಾನಿ. ಅವನೂ ಒಂದು ದಿನ ಕೈಮುಗಿದು, ಸಾರಾದರೂ ಬಡಿಸು ಆಮೇಲೆ ಹೊರಡು ಅಂದ. ಎಪ್ಪತ್ತಾರರ ಅಪ್ಪ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ್ದ. ನಾನೂ ಮೊದಲ ಸಲವೇ. ಶಾಲೆಯಲ್ಲಿ ಗಣಿತ ಕಲಿಸುವ ನಾನು ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ಕಾಯುತ್ತ, ಕ್ಯಾಂಡಿಯ ಕೆರೆಯ ದಂಡೆಯಲ್ಲಿ ಅಪ್ಪನ ಮಂಡಿಗೆ ಎಷ್ಟು ಬೆಂಚು ಬೇಕಾದೀತೆಂದು ಲೆಕ್ಕ ಹಾಕಿದ್ದೇನೆ. ನಾಚಿಕೆಯೇನೂ ಇಲ್ಲ.

ಅಪ್ಪ ಇರುವುದು ವಿಶಾಖಪಟ್ಟಣದಲ್ಲಿ. ಧಾರವಾಡದ ಕಡೆಯಿಂದ ಬಂದರಿನ ಕೆಲಸಕ್ಕೆಂದು ಬಂದವನು ಅಲ್ಲೇ ಉಳಿದ. ಯಾವ ಹಡಗು ಯಾವ ಬರ್ತಿಗೆ, ಅಂದರೆ ದಡದ ಯಾವ ಜಾಗಕ್ಕೆ ಬಂದು ನಿಲ್ಲಬೇಕು ಎಂದು ಹಾಳೆಯ ಮೇಲೆ ಗುರುತು ಮಾಡುವುದು ಅವನ ಕೆಲಸವಾಗಿತ್ತು. ಆ ಹಾಳೆಗೊಂದು ಕಟ್ಟುನಿಟ್ಟು: ಖಾತ್ರಿಯಾಗುವ ತನಕ ಪೆನ್ಸಿಲು, ಖಾತ್ರಿಯಾದ ಮೇಲೆ ಇಂಕು. ನಾನು ಶಾಲೆಯ ಟೈಮ್‌ಟೇಬಲ್ ಥರ ಮಾಡಿ ಕಳಿಸಿದ ಪ್ರವಾಸದ ಪಟ್ಟಿ ಅವನಿಗೆ ಹಿಡಿಸಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಗೆರೆ ಎಳೆದು, ಐದು ದಿನಗಳನ್ನೂ ಚೌಕ ಚೌಕ ಮಾಡಿ ಗೋಡೆಗೆ ಅಂಟಿಸಿದ. ಊಟದ ನಂತರದ ನಿದ್ದೆಗೆ ‘ಲಂಗರು’ ಎಂದು ಬರೆದ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಹೇಳಲೇ ಬೇಡವೇ ಎಂದು ನಾನು ಅಂಜುತ್ತಂಜುತ್ತ ಕೇಳಿದ್ದೆ.

“ಹೇಳು. ಎಂಥಾ ದೊಡ್ಡ ಹಡಗಾದ್ರೂ ಬಂದರದಾಗ ಅದನ್ನ ಟಗ್ ಅನ್ನೂ ಸಣ್ಣ ದೋಣಿ ಎಳೀಬೇಕು. ಅದರಾಗ ನಾಚಿಕಿ ಏನೈತಿ?” ಅಂದ. ನಾನು ಫೋನಿನಲ್ಲೇ ಕುಣಿದಾಡಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಭಾರಿ ಜಾಣತನ ತೋರಿಸಿದ್ದೆ. ಅಪ್ಪನಿಗೆ ನೀರೆಂದರೆ ಆಗದು. ಬಂದರಿನಲ್ಲಿ ಇಡೀ ಜನ್ಮ ತೆಗೆದವನು ಒಮ್ಮೆಯೂ ಹಡಗು ಹತ್ತಿದವನಲ್ಲ. ಜೊತೆಯವರು ಲಾಂಚಿನಲ್ಲಿ ಒಂದು ಸುತ್ತು ಬಾ ಎಂದು ಕರೆದರೆ, ನನಗೆ ವಾಂತಿಯಾಗುತ್ತದೆ ಅನ್ನುತ್ತಿದ್ದ. ಅವರು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದದ್ದು ನನಗೆ ನೆನಪಿದೆ. ಹಾಗಾಗಿ ಸುತ್ತಲೂ ಸಮುದ್ರವಿರುವ ದೇಶದಲ್ಲಿ ದೋಣಿಯ ಮಾತೇ ಬರದಂತೆ ಎಲ್ಲವನ್ನೂ ಸೋಸಿ ತೆಗೆದಿದ್ದೆ. ಬೆಟ್ಟದ ರೈಲು, ಚಹಾದ ತೋಟ, ಗಾಲೆಯ ಹಳೆಯ ಕೋಟೆ. ಕೋಟೆಯಿಂದ ಸಮುದ್ರ ಕಾಣುತ್ತದೆ, ಅಷ್ಟು ಸಾಕು.

ಆದರೆ ಅಪ್ಪನ ಹಾಳೆಯಲ್ಲಿ ಮೂರನೆಯ ದಿನ ಸಂಜೆಯ ಚೌಕ ಮಾತ್ರ ಖಾಲಿ. ಅಪ್ಪನ ಮನೆಗೆ ಹೋದಾಗ ಅದರಲ್ಲಿ ‘ಮ್ಯೂಸಿಯಂ’ ಎಂದು ಬರೆದು ಬಂದೆ. ಮುಂದಿನ ಸಲ ಹೋಗಿ ನೋಡಿದರೆ ರಬ್ಬರಿನಿಂದ ಉಜ್ಜಿದ ಗುರುತು. ‘ವಿಶ್ರಾಂತಿ’ ಎಂದು ಬರೆದೆ. ಅದೂ ಮಾಯ. ಸೋಮವಾರ ಟಿಕೆಟ್ ತೆಗೆಯಬೇಕು. ಹಿಂದಿನ ಶನಿವಾರ ರೈಲು ಹತ್ತಿದೆ. ಅನಕಾಪಲ್ಲಿಯ ಹತ್ತಿರ ಅಪ್ಪನ ಫೋನು. ಪಕ್ಕದ ಸೀಟಿನ ಹೆಂಗಸು ತಮ್ಮೂರಿನದೆಂದು ಕೊಟ್ಟ ಬೆಲ್ಲ ಬಾಯಲ್ಲಿಟ್ಟುಕೊಂಡೇ, ಇವತ್ತು ಆ ಚೌಕ ತುಂಬದೆ ನಿನಗೆ ಊಟವಿಲ್ಲ ಎಂದು ಹೆದರಿಸಿದೆ.

ಮನೆಗೆ ಹೋದವಳೇ ಪೆನ್ಸಿಲು ಹಿಡಿದು ಗೋಡೆಯ ಎದುರು ನಿಂತೆ. “ಹೇಳಪಾ, ಇಲ್ಲೇನು ಬರೀಲಿ?”

“ಇರಲಿ ಬಿಡವ್ವಾ, ಖಾಲಿ ಇದ್ರ ಏನಾತು?”

ನನಗೆ ರೇಗಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. “ನಾ ಬರದದ್ದು ಒಂದೂ ನಿನಗ ಸೇರೂದಿಲ್ಲ. ನಿನಗ ಬರೂ ಮನಸ್ಸಿಲ್ಲಂದ್ರ ಈಗs ಹೇಳಿಬಿಡು” ಅಂದೆ.

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದ.

“ಗಾಲೆದಾಗ ಸಂಜೀಕ ದೋಣಿ ಬಿಡ್ತಾರಂತ” ಅಂದ. “ಕೋಟಿ ಸುತ್ತ ಹೋಗಿ ಬರ್ತಾವಂತ. ದಂಡಿ ಮ್ಯಾಲ ನಿಂತು ಹಡಗಾ ನೋಡಿದೆ, ಅಷ್ಟೂ ವರ್ಷ. ನೀರಾಗ ನಿಂತು ದಂಡಿ ಹೆಂಗ ಕಾಣತೈತಿ ಅಂತ ಒಮ್ಮೆನೂ ನೋಡಿಲ್ಲ.”

“ನಿನಗ ವಾಂತಿ...”

“ಎಲ್ಲಿ ವಾಂತಿ? ಹತ್ತಿದ್ರಲ್ಲೇನು ವಾಂತಿ ಆಗೂದು?”

ಆಮೇಲೆ ಹೇಳಿದ. ನಾನು ಮೂರು ತಿಂಗಳ ಕೂಸಾಗಿದ್ದಾಗ ಚಂಡಮಾರುತ ಬಂದು ಅಪ್ಪ ಎರಡು ದಿನ ಬಂದರಿನ ಆಫೀಸಿನಲ್ಲೇ ಸಿಕ್ಕಿಕೊಂಡಿದ್ದನಂತೆ. ಎರೆ ಹೊಲಗಳ ನಡುವೆ ಬೆಳೆದ ಅವ್ವನಿಗೆ ಸಮುದ್ರವೆಂದರೇನೆಂದೇ ಗೊತ್ತಿರಲಿಲ್ಲ. ಗಂಡ ಯಾವುದೋ ದೋಣಿಯಲ್ಲಿ ಹೋಗಿ ಮುಳುಗಿದನೆಂದೇ ಅತ್ತಿದ್ದಾಳೆ.

“ನಾ ಮನಿಗೆ ಬಂದ ಕೂಡ್ಲೆ ನಿಮ್ಮವ್ವ ನನ್ನ ಕೈ ಎಳದು ನಿನ್ನ ತಲಿ ಮ್ಯಾಲ ಇಟ್ಟಳು. ಹಡಗಾ, ದೋಣಿ ಯಾವುದೂ ಹತ್ತಂಗಿಲ್ಲ ಅಂತ ಆಣಿ ಮಾಡು ಅಂದಳು. ಮಾಡಿದೆ.”

“ನೀ ಇಂಥಾವೆಲ್ಲಾ ನಂಬತೀ?”

“ನಾ ನಂಬಂಗಿಲ್ಲ. ಆದ್ರ ತಲಿ ನಿಂದೈತಲ್ಲ?”

ಜೊತೆಯವರು ಹೇಡಿ ಎಂದು ನಗುವಾಗಲೂ ಅಪ್ಪ ನನ್ನ ತಲೆಗಾಗಿ ವಾಂತಿಯ ಸುಳ್ಳು ಹೇಳಿಕೊಂಡು ದಡದಲ್ಲಿ ನಿಂತಿದ್ದ. ನಾನೋ, ಅವನಿಗೆ ನೀರು ಸೇರದೆಂದು ಇಡೀ ಶ್ರೀಲಂಕಾವನ್ನು ಒಣಗಿಸಿ ಇಟ್ಟಿದ್ದೆ. ಅಳು ಬಂತು. ಅಷ್ಟೇ ಖುಷಿಯೂ ಬಂತು, ಯಾಕೆಂದರೆ ಇದನ್ನು ಸರಿಮಾಡುವುದು ಸಾಧ್ಯವಿತ್ತು. ಆಣೆ ಇಟ್ಟ ಅವ್ವ ತೀರಿಹೋಗಿ ನಾಲ್ಕು ವರ್ಷವಾಗಿದೆ. ತಲೆ ಇನ್ನೂ ಇದೆಯಲ್ಲ!

ಅಪ್ಪನ ಕುರ್ಚಿಯ ಮುಂದೆ ಕೆಳಗೆ ಕೂತೆ. ಅವನ ಬಲಗೈಯನ್ನು ನನ್ನ ನೆರೆಗೂದಲಿನ ಮೇಲೆ ಇಟ್ಟುಕೊಂಡೆ. “ಅವ್ವ ಇಟ್ಟ ಆಣಿ ನಾ ತಗದೀನಿ ನೋಡಪಾ. ತಲಿ ನಂದು, ನಾ ಹೇಳಾಕತ್ತೀನಿ. ದೋಣಿ ಹತ್ತು. ನಾನೂ ನಿನ್ನ ಬಾಜೂಕs ಕೂಡ್ತೀನಿ” ಎಂದು ಹೇಳಿ ಕೈ ಕೆಳಗಿಳಿಸಿದೆ.

“ಖರೇನು?” ಅಂದ.

“ಖರೇನs.”

ಅಪ್ಪ ಎದ್ದ. ನಾನು ಪೆನ್ಸಿಲು ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ, ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಮೂರನೆಯ ದಿನದ ಚೌಕದಲ್ಲಿ ‘ಸಂಜೆ ಐದು, ದೋಣಿ, ಇಬ್ಬರು’ ಎಂದು ಬರೆದ. ವಿಮಾನ, ಹೋಟೆಲು, ಬೆಟ್ಟದ ರೈಲು ಎಲ್ಲವೂ ಇನ್ನೂ ಪೆನ್ಸಿಲಿನಲ್ಲೇ ಇದ್ದವು. ಇಡೀ ಹಾಳೆಯಲ್ಲಿ ಇಂಕಿನಲ್ಲಿದ್ದದ್ದು ಅದೊಂದೇ ಸಾಲು.